ದಾಂಡೇಲಿಗೆ ಆಷಾಢದಲ್ಲಿ ಹೋಗಬೇಕೋ, ಕಾರ್ತೀಕದಲ್ಲೋ?

ಮಳೆ ಹಿಡಿದರೆ ಸಾಕು, ದಾವಣಗೆರೆಯಲ್ಲಿ ನಮ್ಮ ಗೆಳೆಯರು ಸೇರಿದ ಕಡೆ "ದಾಂಡೇಲಿಗೆ ಹೋಗಣೇನು?" ಎಂಬ ಮಾತು ಬಂದೇ ಬರುತ್ತದೆ. ನಾನು ಒಂದೇ ವರ್ಷ ಎರಡು ಸಲ ಹೋದೆ. ಜುಲೈನಲ್ಲಿ ಗೆಳೆಯರ ಜೊತೆ, ದೀಪಾವಳಿ ಕಳೆದ ಮೇಲೆ ನವೆಂಬರ್‌ನಲ್ಲಿ ಮನೆಯವರ ಜೊತೆ. ಹೊಳೆ ಅದೇ, ಕಾಡು ಅದೇ. ಆದರೆ ಬೇರೆ ಎರಡು ಊರು ನೋಡಿ ಬಂದ ಹಾಗಾಯಿತು.

ಮೊದಲು ರ‍್ಯಾಫ್ಟಿಂಗ್ ವಿಷಯ, ಯಾಕಂದ್ರೆ ಎಲ್ಲರೂ ಮೋಸ ಹೋಗುವುದು ಇಲ್ಲೇ. ಮಳೆ ಜಾಸ್ತಿ ಇದ್ದರೆ ನೀರು ಜಾಸ್ತಿ, ನೀರು ಜಾಸ್ತಿ ಇದ್ದರೆ ರ‍್ಯಾಫ್ಟಿಂಗ್ ಜೋರು ಅಂತ ನಾವೂ ಅಂದುಕೊಂಡಿದ್ದೆವು. ಕಾಳಿ ಹೊಳೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ, 101 ಮೀಟರ್ ಎತ್ತರದ್ದು. ದೋಣಿ ಇಳಿಯುವುದು ಅದರ ಕೆಳಗೆ. ಮಳೆಗಾಲ ಅಂದರೆ ಸೂಪಾ ತುಂಬಿಕೊಳ್ಳುವ ಕಾಲ. ಕರೆಂಟಿಗಾಗಿ ನೀರು ಬಿಟ್ಟರೆ ಹೊಳೆ ಏರುತ್ತದೆ, ನಿಲ್ಲಿಸಿದರೆ ಬಂಡೆಗಳು ಮೇಲೆ ಏಳುತ್ತವೆ. ಅಣೆಕಟ್ಟು ಭರ್ತಿಯಾಗಿ ಗೇಟ್ ತೆಗೆದರಂತೂ ನೀರಿಗಿಳಿಯುವ ಮಾತೇ ಇಲ್ಲ.

ನಮಗೆ ಬುಕ್ಕಿಂಗ್ ಮಾಡಿಕೊಟ್ಟವರು ಫೋನಿನಲ್ಲಿ "ಉದ್ದದ ರ‍್ಯಾಫ್ಟಿಂಗ್ ಇದೆ, ಬನ್ನಿ" ಅಂದಿದ್ದರು. ಅಲ್ಲಿ ಹೋದರೆ ನಿಂತ ನೀರಿನಲ್ಲಿ ಅರ್ಧ ಗಂಟೆ ಸುತ್ತಿಸಿ ದಡಕ್ಕೆ ತಂದರು. ಅಡ್ವಾನ್ಸ್ ವಾಪಸ್ ಬರಲಿಲ್ಲ. ನನಗೆ ಈಗಲೂ ಅದು ಬೇಸರ. ಇಲ್ಲ ಅಂತ ಮೊದಲೇ ಹೇಳಿದ್ದರೂ ನಾವು ಮಳೆ ನೋಡೋಕೇ ಹೋಗುತ್ತಿದ್ದೆವು.

ನವೆಂಬರ್‌ನಲ್ಲಿ ಅದೇ ಹೊಳೆ ನಿಜವಾಗಿ ಕುಣಿಸಿತು. ಗೈಡ್ "ಫಾರ್ವರ್ಡ್, ಫಾರ್ವರ್ಡ್!" ಅಂತ ಕೂಗುತ್ತಿದ್ದ. ದೋಣಿಯ ಮೂತಿ ಕೆಳಗಿಳಿದು ಮೇಲೆ ಎದ್ದಾಗ ಒಂದು ಕೊಡ ನೀರು ಮುಖಕ್ಕೆ ಬಂದು ಬಿತ್ತು, ಮೈ ಕೊರೆಯುವಷ್ಟು ತಣ್ಣಗೆ. ಅಣ್ಣನ ಮಗಳು ದಡ ಸೇರಿದ ಮೇಲೂ ಹುಟ್ಟು ಕೈಬಿಡಲಿಲ್ಲ.

ಕಾಡಿನ ಮಾತಿಗೆ ಬಂದರೆ ಜುಲೈಗೆ ಸಾಟಿ ಇಲ್ಲ. ನಮ್ಮ ಕಡೆ ಆಷಾಢ ಅಂದರೆ ಗಾಳಿ, ನಾಲ್ಕು ತುಂತುರು ಹನಿ. ಹಳಿಯಾಳ ದಾಟಿದ ಮೇಲೆ ಮಳೆ ಅನ್ನುವ ಮಾತಿಗೇ ಬೇರೆ ಅರ್ಥ. ಮರದ ಬೊಡ್ಡೆಗೆಲ್ಲ ಪಾಚಿ, ಕೊಂಬೆಯ ಮೇಲೆ ಜರಿಗಿಡ. ಮಳೆ ನಿಂತ ಮೇಲೂ ಕಾಡಿನೊಳಗೆ ಎಷ್ಟೋ ಹೊತ್ತು ಹನಿ ಬೀಳುತ್ತಲೇ ಇರುತ್ತದೆ, ಮರಗಳು ತಮ್ಮದೇ ಮಳೆ ಸುರಿಸುತ್ತವೆ. ರಾತ್ರಿ ಕಪ್ಪೆಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸಲಿಲ್ಲ.

ಜೊತೆಗೆ ಇಂಬಳ, ಅಂದರೆ ರಕ್ತ ಹೀರುವ ಕಾಡು ಜಿಗಣೆ. ನನ್ನ ಸಾಕ್ಸಿನ ಹೆಣಿಗೆಯ ಸಂದಿಯಲ್ಲಿ ಒಂದು ದಾರದೆಳೆಯಷ್ಟು ಸಪೂರ ಇದ್ದದ್ದು, ನೋಡುವಷ್ಟರಲ್ಲಿ ದ್ರಾಕ್ಷಿಯ ಹಾಗೆ ಉಬ್ಬಿತ್ತು. ನೋವೇ ಇಲ್ಲ. ಕಿತ್ತು ಹಾಕಲು ಹೋದೆ. ಹೋಂಸ್ಟೇ ಅಕ್ಕ ತಡೆದರು: "ಎಳೀಬೇಡ ತಮ್ಮಾ, ಉಪ್ಪು ಮುಟ್ಸು, ತಾನೇ ಬಿಡ್ತದೆ." ಬಿಟ್ಟಿತು. ಆದರೆ ರಕ್ತ ಸೋರುತ್ತಲೇ ಇತ್ತು, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುತ್ತದೆ. ಹೆದರುವಂಥದ್ದಲ್ಲ. ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಂಡು ಹೋಗಿ.

ಪ್ರಾಣಿ, ಪಕ್ಷಿ ನೋಡುವ ಆಸೆ ಇದ್ದರೆ ನವೆಂಬರ್. ಮಳೆಯಲ್ಲಿ ಕಾಡಿನ ದಾರಿ ಕೆಸರು, ನಾವು ಹೋದಾಗ ಸಫಾರಿ ಬಂದ್. ಚಳಿಗಾಲದಲ್ಲಿ ಬೆಳಗ್ಗೆ ಬೇಗ ಎದ್ದು ಟಿಂಬರ್ ಡಿಪೋ ಕಡೆ ಹೋದೆವು. ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾದುಹೋದಾಗ ರೆಕ್ಕೆಯಿಂದ ಹಳೇ ಉಗಿಬಂಡಿಯ ಹಾಗೆ ಸದ್ದು ಬರುತ್ತದೆ. ಇಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ, ನಮಗೆ ಎರಡು ಸಿಕ್ಕವು.

ಸಿಂಥೇರಿ ಬಂಡೆಯದೂ ಇದೇ ಕತೆ. ಜುಲೈನಲ್ಲಿ ಮೆಟ್ಟಿಲು ಜಾರುತ್ತದೆ ಅಂತ ಮೇಲೆಯೇ ತಡೆದರು, ಕಾನೇರಿ ಹೊಳೆಯ ಮೊರೆತ ಮಾತ್ರ ಕೇಳಿ ಬಂದೆವು. ನವೆಂಬರ್‌ನಲ್ಲಿ ಕೆಳಗಿಳಿದು 300 ಅಡಿಯ ಬಂಡೆಯನ್ನು ಕಣ್ಣು ತುಂಬ ನೋಡಿದೆವು. ಅದರ ಮೈಯಲ್ಲಿ ಜೋತುಬಿದ್ದ ಜೇನುಗೂಡುಗಳನ್ನು ಅಮ್ಮ ಎಣಿಸುತ್ತಾ ಕೂತರು.

ಉಳಿದುಕೊಳ್ಳಲು ಹೊಳೆ ದಂಡೆಯ ರೆಸಾರ್ಟ್ ನವೆಂಬರ್‌ಗೆ ಸರಿ. ಮಳೆಗಾಲಕ್ಕೆ ನನ್ನ ಓಟು ಜೋಯಿಡಾ ಕಡೆಯ ಹೋಂಸ್ಟೇಗೆ. ಕರೆಂಟ್ ಹೋದರೂ ಒಲೆ ಉರಿಯುತ್ತಿರುತ್ತದೆ, ಬಿಸಿ ಗಂಜಿ, ಮುರುಗಲು ಸಾರು ಸಿಗುತ್ತದೆ. ಜೀನ್ಸ್ ಬೇಡ, ಮೂರು ದಿನವಾದರೂ ಒಣಗುವುದಿಲ್ಲ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಯೋಚನೆ ಮಾಡದೆ ನವೆಂಬರ್‌ಗೆ ಹೋಗಿ. ಒಂದೇ ದಿನ ರಜೆ ಇದೆಯಾ? ಹಾಗಾದರೆ 200 ಕಿ.ಮೀ.ಗೂ ಜಾಸ್ತಿ ದೂರದ ದಾಂಡೇಲಿಗಿಂತ ಲಕ್ಕವಳ್ಳಿಯೇ ಮೇಲು. ನಮ್ಮ ಗದ್ದೆಗಳಿಗೆ ನಾಲೆಯಲ್ಲಿ ಬರುವ ಭದ್ರೆಯ ನೀರನ್ನು ಅಣೆಕಟ್ಟಿನಲ್ಲೇ ನೋಡಿದ ಹಾಗೂ ಆಗುತ್ತದೆ.

ನಾನಂತೂ ಬರುವ ಆಷಾಢಕ್ಕೆ ಅದೇ ಅಕ್ಕನ ಮನೆಗೆ ಹೇಳಿಟ್ಟಿದ್ದೇನೆ. ಈ ಸಲ ಹೊಳೆಗೆ ಇಳಿಯುವ ಆಸೆ ಇಟ್ಟುಕೊಂಡಿಲ್ಲ. ಎರಡು ರಾತ್ರಿ ಜಗಲಿಯಲ್ಲಿ ಕೂತು ಆ ಮಳೆ ಕೇಳಬೇಕು. ಅಕ್ಕ ದಾವಣಗೆರೆ ಮಂಡಕ್ಕಿ ತರೋಕೆ ಹೇಳಿದ್ದಾರೆ.