ಡೀಸೆಲ್ ಕಾರಿಗೆ ಸ್ಟಾಂಡ್‌ಹೈಟ್ಸುಂಗ್: ಎರಡು ಚಳಿಗಾಲ ಬಳಸಿದ ಮೇಲೆ

ಸ್ಟಾಂಡ್‌ಹೈಟ್ಸುಂಗ್ ಅಂದರೆ ಇಂಜಿನ್ ಆನ್ ಮಾಡುವ ಮೊದಲೇ ಕಾರನ್ನು ಬೆಚ್ಚಗೆ ಮಾಡುವ ಹೀಟರ್. ನಾವಿರುವುದು ಜರ್ಮನಿಯ ದಕ್ಷಿಣದಲ್ಲಿ, ಕೆಂಪ್ಟನ್ ಪಕ್ಕದ ಒಂದು ಹಳ್ಳಿಯಲ್ಲಿ. ಜನವರಿಯಲ್ಲಿ ಬೆಳಿಗ್ಗೆ ಮೈನಸ್ 8, ಮೈನಸ್ 10 ಇಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಕಾರು ನಿಲ್ಲುವುದು ಬಯಲಿನಲ್ಲಿ. ಹತ್ತು ವರ್ಷ ಹಳೆಯ 2 ಲೀಟರ್ ಡೀಸೆಲ್ ಗಾಡಿ. ಯಾವ ಕಂಪನಿಯದ್ದು ಅನ್ನುವುದು ಬೇಡ, ಚಳಿಯಲ್ಲಿ ಒಳಗೆ ಬೇಗ ಬೆಚ್ಚಗಾಗದ ತೊಂದರೆ ಯಾವ ಡೀಸೆಲ್ ಕಾರಿಗಾದರೂ ಬರುವಂಥದ್ದು.

ಮನೆಯಿಂದ ಮಗಳ ಕಿಂಡರ್‌ಗಾರ್ಟನ್‌ಗೆ 4 ಕಿಲೋಮೀಟರ್, ಅಲ್ಲಿಂದ ನನ್ನ ಆಫೀಸಿಗೆ ಇನ್ನೊಂದು 7. ನಾನೇನೋ ದಪ್ಪ ಕೋಟು, ಕೈಗವಸು ಹಾಕಿಕೊಂಡು ಓಡಿಸಬಹುದು. ಆದರೆ ಮಕ್ಕಳ ಸೀಟಿನಲ್ಲಿ ದಪ್ಪ ಜಾಕೆಟ್ ಹಾಕಿ ಕೂರಿಸಬಾರದು. ಜಾಕೆಟ್ ಉಬ್ಬಿರುವುದರಿಂದ ಬೆಲ್ಟು ಮೈಗೆ ಬಿಗಿಯಾಗಿ ಕೂರುವುದಿಲ್ಲ, ಗುದ್ದಾದರೆ ಮಗು ಬೆಲ್ಟಿನಿಂದ ಜಾರಿ ಹೋಗಬಹುದು. ಹಾಗಾಗಿ ಮೈನಸ್ 8ರಲ್ಲಿ ನಾಲ್ಕು ವರ್ಷದ ಮಗುವಿನ ಜಾಕೆಟ್ ಬಿಚ್ಚಿ, ಬೆಲ್ಟು ಹಾಕಿ, ಮೇಲೆ ಕಂಬಳಿ ಹೊದಿಸಬೇಕು. ಹೀಟರ್ ಪೂರ್ತಿ ತಿರುಗಿಸಿದರೂ ಬರುವುದು ತಣ್ಣನೆಯ ಗಾಳಿ. ಕಿಂಡರ್‌ಗಾರ್ಟನ್ ಬಂದೇ ಬಿಡುತ್ತಿತ್ತು, ಗಾಳಿ ಮಾತ್ರ ಬೆಚ್ಚಗಾಗುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವಳ ಬಾಯಿಂದ ಹೊಗೆ ಹೊಗೆಯಾಗಿ ಉಸಿರು. ಈ ಹೀಟರ್ ಹಾಕಿಸುವ ಮುಂಚಿನ ಎರಡು ಚಳಿಗಾಲ ನನಗೆ ತುಂಬಾ ಕಷ್ಟವಾಯಿತು, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಹೀಟರ್ ಹೋಗಿರ್ಬೇಕು, ನೋಡ್ಸಮ್ಮ" ಅಂದರು. ಸಕಲೇಶಪುರದಲ್ಲಿ ಅವರು ವರ್ಷಗಟ್ಟಲೆ ಡೀಸೆಲ್ ಜೀಪು ಓಡಿಸಿದವರು. ಅವರ ಲೆಕ್ಕದಲ್ಲಿ ಹೀಟರ್ ಅಂದರೆ ಹೀಟರ್ ಪ್ಲಗ್. ಡಿಸೆಂಬರ್ ಬೆಳಿಗ್ಗೆ ಕೀ ತಿರುಗಿಸಿ, ಅದು ಕಾಯುವ ತನಕ ಸುಮ್ಮನೆ ಕೂತು, ಆಮೇಲೆ ಸೆಲ್ಫ್ ಹೊಡೆಯುವುದು. ಬ್ಯಾಟರಿ ವೀಕಾಗಿದ್ದರೆ ರಾತ್ರಿಯೇ ಜೀಪನ್ನು ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು. ಆದರೆ ಹೀಟರ್ ಪ್ಲಗ್ ಕೆಲಸ ಇಂಜಿನ್ ಸ್ಟಾರ್ಟ್ ಆಗಲು ಸಹಾಯ ಮಾಡುವುದು. ನನ್ನ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾಗುವುದೇ ತಡ.

ಯಾಕೆ ತಡ ಅಂದರೆ, ಕಾರಿನ ಹೀಟರ್‌ಗೆ ಸಾಮಾನ್ಯವಾಗಿ ತನ್ನದೇ ಬೆಂಕಿ ಇರುವುದಿಲ್ಲ. ಇಂಜಿನ್ ಸುತ್ತ ಹರಿದು ಬಿಸಿಯಾದ ಕೂಲಂಟ್ ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್‌ಗೆ ಬರುತ್ತದೆ, ಫ್ಯಾನು ಅದರ ಮೂಲಕ ಗಾಳಿ ಊದುತ್ತದೆ, ಅಷ್ಟೇ. ಪೆಟ್ರೋಲ್ ಇಂಜಿನ್ ಶಾಖವನ್ನು ಜಾಸ್ತಿ ಪೋಲು ಮಾಡುತ್ತದೆ, ಆ ಪೋಲೇ ಚಳಿಯಲ್ಲಿ ನಮಗೆ ಬೇಕಾದದ್ದು. ಡೀಸೆಲ್ ಕಡಿಮೆ ಪೋಲು ಮಾಡುತ್ತದೆ, ಇಂಜಿನ್ ಕೂಡ ಭಾರ, ಬಿಸಿಯಾಗಬೇಕಾದ ಲೋಹ ಜಾಸ್ತಿ. ನಿಂತಲ್ಲೇ ಓಡಿಸಿದರಂತೂ ಅದು ಸುಡುವ ಡೀಸೆಲ್ ತೀರಾ ಕಮ್ಮಿ, ಒಳಗೆಳೆದುಕೊಳ್ಳುವ ತಣ್ಣನೆಯ ಗಾಳಿ ಮಾತ್ರ ಬೇಕಾದಷ್ಟು. ಆದ್ದರಿಂದ ಮನೆ ಮುಂದೆ ಹತ್ತು ನಿಮಿಷ ಇಂಜಿನ್ ಆನ್ ಮಾಡಿಟ್ಟರೂ ದೊಡ್ಡ ಪ್ರಯೋಜನವಿಲ್ಲ. ಮೇಲಾಗಿ ಜರ್ಮನಿಯಲ್ಲಿ ಕಾರಣವಿಲ್ಲದೆ ಹಾಗೆ ಓಡಿಸಿಡುವುದು ಕಾನೂನಿಗೆ ವಿರುದ್ಧ, 80 ಯೂರೋ ದಂಡ.

ಮೊದಲು ಹೋದದ್ದು ಒಂದು ದೊಡ್ಡ ವರ್ಕ್‌ಶಾಪಿಗೆ. ಕಂಪ್ಯೂಟರ್ ಹಾಕಿ ನೋಡಿದರು, ತಪ್ಪು ಕೋಡ್ ಏನೂ ಇಲ್ಲ ಅಂದರು. "ಡೀಸೆಲ್ ಅಂದರೆ ಹಾಗೇ, ದೂರ ಓಡಿಸಿ" ಅನ್ನುವ ಸಲಹೆ ಕೊಟ್ಟು ಬಿಲ್ ಕೊಟ್ಟರು. ನನಗೆ ಸಮಾಧಾನವಾಗಲಿಲ್ಲ. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಒಂದು ಅಗ್ಗದ ಬ್ಲೂಟೂತ್ ಓಬಿಡಿ ಡಾಂಗಲ್ ತಂದು ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿ, ಫೋನಿನಲ್ಲಿ ಕೂಲಂಟ್ ಎಷ್ಟು ಡಿಗ್ರಿ ಅಂತ ನೋಡುತ್ತಾ ಹೋದೆ. ಹನ್ನೊಂದು ಕಿಲೋಮೀಟರ್ ಆದ ಮೇಲೂ 58. ಆಟೋಬಾನ್‌ನಲ್ಲಿ (ಇಲ್ಲಿಯ ಹೆದ್ದಾರಿ) ಅರ್ಧ ಗಂಟೆ ಓಡಿಸಿದರೆ 72ಕ್ಕೆ ಏರಿ, ಇಳಿಜಾರು ಬಂದಾಗ ಮತ್ತೆ 64ಕ್ಕೆ ಬೀಳುತ್ತಿತ್ತು. 90ರ ಹತ್ತಿರ ನಿಲ್ಲಬೇಕಾದ ಇಂಜಿನ್ ಅದು.

ಈ ಅಂಕಿಗಳನ್ನು ಬರೆದುಕೊಂಡು ಪಕ್ಕದ ಊರಿನ ಸಣ್ಣ ಗ್ಯಾರೇಜಿಗೆ ಹೋದೆ. ವಯಸ್ಸಾದ ಮೆಕ್ಯಾನಿಕ್ ಚೀಟಿ ನೋಡಿದವರೇ "ಥರ್ಮೋಸ್ಟಾಟ್" ಅಂದರು. ಇಂಜಿನ್ ಬಿಸಿಯಾಗುವ ತನಕ ಕೂಲಂಟ್ ದೊಡ್ಡ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಕವಾಟ ಅದು. ನನ್ನದು ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿತ್ತು. ಬಿಸಿಯಾದಷ್ಟೂ ನೀರು ಮುಂದೆ ಹೋಗಿ ತಣ್ಣಗಾಗಿ ವಾಪಸ್ ಬರುತ್ತಿತ್ತು. ಇಂಥ ಇಂಜಿನ್ ಸದಾ ತಣ್ಣಗೇ ಓಡಿದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುವುದಕ್ಕೂ ಅಡ್ಡಿಯಾಗುತ್ತದೆ. ಆ ಫಿಲ್ಟರ್ ಕಟ್ಟಿಕೊಂಡರೆ ಖರ್ಚು ಸಾವಿರದ ಲೆಕ್ಕದಲ್ಲಿ. ಭಾಗ, ಹೊಸ ಕೂಲಂಟ್, ಕೂಲಿ ಸೇರಿ 190 ಯೂರೋ ಆಯಿತು. ಮಾರನೆಯ ದಿನ ಒಂಬತ್ತನೇ ಕಿಲೋಮೀಟರಿಗೆ 88 ಡಿಗ್ರಿ!

ಆದರೆ ಮಗಳು ಇಳಿಯುವುದು ನಾಲ್ಕನೇ ಕಿಲೋಮೀಟರಿನಲ್ಲಿ, ಅಲ್ವಾ? ಅಲ್ಲಿಗೆ ಇನ್ನೂ 45 ಡಿಗ್ರಿ ದಾಟಿರಲಿಲ್ಲ. ಸರಿಯಾಗಿರುವ ಡೀಸೆಲ್ ಇಂಜಿನ್ನೂ ಇಷ್ಟೇ ಅಂತ ಗೊತ್ತಾದ ಮೇಲೆ ಸ್ಟಾಂಡ್‌ಹೈಟ್ಸುಂಗ್ ಹಾಕಿಸಲು ಮನಸ್ಸು ಮಾಡಿದೆ. ಅಂದರೆ ಗಾಡಿ ನಿಂತಿರುವಾಗಲೇ, ಇಂಜಿನ್ ಓಡದೆ ಕೆಲಸ ಮಾಡುವ ಹೀಟರ್. ಬಾನೆಟ್ ಒಳಗೆ ಸಣ್ಣ ಬರ್ನರ್ ಕೂರಿಸುತ್ತಾರೆ. ಅದು ಕಾರಿನ ಟ್ಯಾಂಕಿನಿಂದಲೇ ಡೀಸೆಲ್ ಎಳೆದು ಸುಟ್ಟು ಕೂಲಂಟ್ ಕಾಯಿಸುತ್ತದೆ, ಒಂದು ಪುಟ್ಟ ಪಂಪು ಆ ನೀರನ್ನು ತಿರುಗಿಸುತ್ತದೆ, ನೀರು ಬೆಚ್ಚಗಾದ ಮೇಲೆ ಕಾರಿನ ಫ್ಯಾನು ತಾನೇ ಆನ್ ಆಗುತ್ತದೆ. ಈ ಕೆಲಸದಲ್ಲಿ ಹೆಸರಾದ ಎರಡೂ ಕಂಪನಿ ಇಲ್ಲಿಯವೇ. ಎಬರ್‌ಸ್ಪೆಷರ್ 1865ರದ್ದು, ವೆಬಾಸ್ಟೋ 1901ರದ್ದು. ಎರಡೂ ಶುರುವಾದದ್ದು ಎಸ್ಲಿಂಗೆನ್ ಊರಿನಲ್ಲಿ. ನಮ್ಮ ಗ್ಯಾರೇಜಿನವರು ಹಾಕುವುದು ವೆಬಾಸ್ಟೋ, ಹಾಗಾಗಿ ನಾನೂ ಅದನ್ನೇ ಹಾಕಿಸಿದೆ, 5 ಕಿಲೋವ್ಯಾಟ್‌ನದ್ದು. ಕೂಲಿ, ರಿಮೋಟ್ ಎಲ್ಲಾ ಸೇರಿ 1,950 ಯೂರೋ. ಎರಡು ದಿನ ಕಾರು ಬಿಟ್ಟಿದ್ದೆ.

ಮೊದಲ ಬೆಳಿಗ್ಗೆ ಮೈನಸ್ 9. ತಿಂಡಿಗೆ ಕೂರುವ ಮುಂಚೆ ರಿಮೋಟ್ ಒತ್ತಿದೆ. 25 ನಿಮಿಷ ಬಿಟ್ಟು ಹೊರಗೆ ಹೋದರೆ ಬೀದಿಯ ಬೇರೆ ಕಾರುಗಳ ಗಾಜಿನ ಮೇಲೆಲ್ಲ ಬಿಳಿ ಮಂಜುಗಡ್ಡೆ, ನಮ್ಮ ಕಾರಿನ ಮುಂದಿನ ಗಾಜಿನಲ್ಲಿ ನೀರು ಇಳಿಯುತ್ತಿತ್ತು. ಕೆರೆಯುವ ಕೆಲಸ ಇಲ್ಲ. ಡಾಂಗಲ್ ನೋಡಿದರೆ ಇಂಜಿನ್ ಆನ್ ಮಾಡುವ ಮೊದಲೇ ಕೂಲಂಟ್ 61. ಮಗಳ ಜಾಕೆಟ್ ಬಿಚ್ಚಿದೆ, ಕಂಬಳಿ ಬೇಡ ಅಂದಳು. ಈ ವಸ್ತುವಿಗೆ ನಾನು ಕೊಟ್ಟ ಹಣ ಅವತ್ತೇ ಬಂತು ಅನ್ನಿಸಿತು. ಇಂಜಿನ್‌ಗೂ ಒಳ್ಳೆಯದು. ತಣ್ಣಗಿದ್ದಾಗ ಬರುವ ಆ ಗಟ್ಟಿ ಕಟಕಟ ಸದ್ದು ಈಗ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಪೂರ್ತಿ ಉರಿಯುವಾಗ ಗಂಟೆಗೆ ಸುಮಾರು 0.6 ಲೀಟರ್ ಡೀಸೆಲ್ ಬೇಕು, ಅಂದರೆ ಒಂದು ಬೆಳಿಗ್ಗೆಗೆ ಕಾಲು ಲೀಟರ್.

ತೊಂದರೆ ಇಲ್ಲವೇ ಅಂದರೆ, ಇದೆ, ಅದು ಬ್ಯಾಟರಿಯದ್ದು. ಬರ್ನರ್, ಪಂಪು, ಫ್ಯಾನು ಮೂರಕ್ಕೂ ಕರೆಂಟು ಬ್ಯಾಟರಿಯಿಂದಲೇ. ಎಷ್ಟು ಹೊತ್ತು ಕಾಯಿಸುತ್ತೀರೋ ಅಷ್ಟು ಹೊತ್ತಾದರೂ ಓಡಿಸಬೇಕು ಅನ್ನುವುದು ಇಲ್ಲಿ ಎಲ್ಲರೂ ಹೇಳುವ ಲೆಕ್ಕ. ನಾನು 25 ನಿಮಿಷ ಕಾಯಿಸಿ 18 ನಿಮಿಷ ಓಡಿಸುತ್ತಿದ್ದೆ. ಮೂರನೇ ವಾರ, ಒಂದು ಸೋಮವಾರ, ಕಾರಿನೊಳಗೆ ಬೆಚ್ಚಗಿತ್ತು, ಸೆಲ್ಫ್ ಹೊಡೆದರೆ ಟಿಕ್ ಟಿಕ್ ಅಷ್ಟೇ. ಪಕ್ಕದ ಮನೆಯವರು ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಟ್ಟರು. ಹಳೆಯ ಬ್ಯಾಟರಿ ಬದಲಾಯಿಸಿದೆ. ಕಾಯಿಸುವ ಹೊತ್ತನ್ನು 15 ನಿಮಿಷಕ್ಕೆ ಇಳಿಸಿದೆ, ರಾತ್ರಿ ಕಾರು ಆಫ್ ಮಾಡುವಾಗ ಫ್ಯಾನನ್ನು ಕಡಿಮೆ ಮಟ್ಟದಲ್ಲಿಡುತ್ತೇನೆ, ಭಾನುವಾರ ಚಾರ್ಜರ್ ಹಾಕುತ್ತೇನೆ. ಅಲ್ಲಿಂದ ಇಲ್ಲಿಯವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಇದು ಬೆಂಕಿ, ಇದಕ್ಕೆ ತನ್ನದೇ ಹೊಗೆ ಕೊಳವೆ ಇದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಆನ್ ಮಾಡಲೇಬಾರದು, ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ. ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಹಾಕಿಸುವಾಗ ಈ ಹೀಟರ್ ಆಫ್ ಇರಬೇಕು. ಟೈಮರ್ ಇಟ್ಟಿದ್ದರೆ ಅದು ನೆನಪಿರಲಿ. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ ಡೀಸೆಲ್ ಹೀಟರ್‌ಗಳನ್ನು ಕೊಳ್ಳುವ ಮುಂಚೆ ಆರ್122 ಅನುಮೋದನೆಯ ಗುರುತು ಇದೆಯಾ ನೋಡಿ. ಯುರೋಪಿನಲ್ಲಿ ಗಾಡಿಯ ಹೀಟರ್‌ಗಳಿಗಿರುವ ನಿಯಮ ಅದು. ಮಕ್ಕಳು ಕೂರುವ ಗಾಡಿಯಲ್ಲಿ ಅದಿಲ್ಲದ ಬರ್ನರ್ ನಾನಂತೂ ಹಾಕಿಸಲಾರೆ.

ಹಾಗಾದರೆ ಯಾರು ಹಾಕಿಸಬಹುದು? ದಿನಾ 40 ಕಿಲೋಮೀಟರ್ ಓಡಿಸುವವರಿಗೆ ನಾನು ಹೇಳುವುದಿಲ್ಲ, ಮುಚ್ಚಿದ ಶೆಡ್ಡು ಇರುವವರಿಗೂ ಬೇಡ. ಹತ್ತಿರದ ಓಡಾಟ, ಬಯಲಿನಲ್ಲಿ ನಿಲ್ಲುವ ಕಾರು, ಚಿಕ್ಕ ಮಕ್ಕಳು ಇದ್ದರೆ ಖಂಡಿತ ಹಾಕಿಸಿ, ಆದರೆ ಮೊದಲು ಥರ್ಮೋಸ್ಟಾಟ್ ನೋಡಿಸಿ. ಥರ್ಮೋಸ್ಟಾಟ್ ಕೆಟ್ಟಿರುವಾಗಲೇ ನಾನು ಇದನ್ನು ಹಾಕಿಸಿದ್ದರೆ, ಹೀಟರ್ ಕಾಯಿಸಿಕೊಟ್ಟ ನೀರನ್ನು ರಸ್ತೆಗಿಳಿದ ಕೂಡಲೇ ರೇಡಿಯೇಟರ್ ತಣ್ಣಗೆ ಮಾಡುತ್ತಿತ್ತು. ಹಾಗೇ ಗ್ಯಾರೇಜಿನವರನ್ನು ಇನ್ನೊಂದು ಪ್ರಶ್ನೆ ಕೇಳಿ: ನನ್ನ ಕಾರಿನಲ್ಲಿ ತ್ಸೂಹೈಟ್ಸರ್ ಇದೆಯಾ? ಕೆಲವು ಡೀಸೆಲ್ ಗಾಡಿಗಳಿಗೆ ಕಾರ್ಖಾನೆಯಲ್ಲೇ ಇಂಥ ಬರ್ನರ್ ಕೂರಿಸಿರುತ್ತಾರೆ, ಆದರೆ ಅದು ಇಂಜಿನ್ ಓಡುವಾಗ ಮಾತ್ರ ಉರಿಯುತ್ತದೆ. ಅಂಥದ್ದು ಇದ್ದರೆ ಹಲವು ಸಲ ಒಂದು ಪಂಪು, ಟೈಮರ್, ಒಂದಷ್ಟು ವೈರಿಂಗ್ ಸೇರಿಸಿ ಅದನ್ನೇ ಸ್ಟಾಂಡ್‌ಹೈಟ್ಸುಂಗ್ ಮಾಡಬಹುದು. ನನ್ನ ಕಾರಿನಲ್ಲಿ ಇರಲಿಲ್ಲ. ಆಫೀಸಿನ ಗೆಳತಿಯ ವ್ಯಾನಿನಲ್ಲಿತ್ತು, ಅವಳಿಗೆ ನನಗಾದ ಖರ್ಚಿನ ಅರ್ಧವೂ ಆಗಲಿಲ್ಲ. ಕಳೆದ ಅಕ್ಟೋಬರ್‌ನಲ್ಲಿ, ಚಳಿಗಾಲದ ಟೈರ್ ಹಾಕಿಸಲು ಹೋದ ದಿನವೇ ಅದನ್ನೂ ಮಾಡಿಸಿಕೊಂಡು ಬಂದಳು.