ಪಂಪು ಸರಿಯಿತ್ತು, ಸುಟ್ಟಿದ್ದು ಜಾಯಿಂಟು: ನನ್ನ ಕ್ಲಾಂಪ್ ಮೀಟರ್ ಅನುಭವ

ಕಳೆದ ಚಳಿಗಾಲದಲ್ಲಿ ಶಿರಸಿ ಪೇಟೆಯಿಂದ 1,150 ರೂಪಾಯಿ ಕೊಟ್ಟು ಒಂದು ಡಿಜಿಟಲ್ ಕ್ಲಾಂಪ್ ಮೀಟರ್ ತಂದೆ. ತೋಟದ ಮನೆ, ದೂರದ ಪಂಪು, ಸಂಜೆಯಾದರೆ ಮಂಕಾಗುವ ಬಲ್ಬು, ಇಷ್ಟು ಇರುವವರು ಇದನ್ನು ತಗೊಳ್ಳಲೇಬೇಕು ಅನ್ನುತ್ತೇನೆ.

ಮೀಟರ್ ಏಡಿಯ ಹಾಗೆ ಬಾಯಿ ತೆರೆಯುತ್ತದೆ. ವೈರು ಕತ್ತರಿಸೋದು ಬೇಡ, ಬಾಯೊಳಗೆ ಹಾಕಿದರೆ ಎಷ್ಟು ಆಂಪಿಯರ್ ಹರಿಯುತ್ತಿದೆ ಅಂತ ತೋರಿಸುತ್ತದೆ. ಆದರೆ ಒಂದೇ ವೈರು ಹಾಕಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಾಕಿದರೆ ಹೋಗುವುದೂ ಬರುವುದೂ ಸಮವಾಗಿ ಸೊನ್ನೆ ಬರುತ್ತದೆ. ಅದಕ್ಕೇ ನಾನು ಒಂದು ಸಣ್ಣ ಎಕ್ಸ್‌ಟೆನ್ಶನ್ ಮಾಡಿಸಿಕೊಂಡು ಅದರಲ್ಲಿ ಫೇಸ್ ವೈರನ್ನು ಬೇರೆಯಾಗಿ ಬಿಟ್ಟಿದ್ದೇನೆ. ವೋಲ್ಟೇಜಿಗೆ ಎರಡು ಪ್ರೋಬ್, ಅಂದರೆ ಚೂಪು ತುದಿಯ ವೈರು, ಇವೆ. ಉಳಿದಿದ್ದು ಹತ್ತನೇ ಕ್ಲಾಸಿನ ಓಮ್‌ನ ನಿಯಮ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್.

ಮೊದಲ ಪರೀಕ್ಷೆ ಬಚ್ಚಲಲ್ಲೇ ಆಯಿತು. "ತಮಾ, ಗೀಸರ್ ಹಾಳಾಜು, ನೀರೇ ಕಾಯ್ತಿಲ್ಲೆ" ಅಂದರು ಆಯಿ. 15 ಲೀಟರಿನ, 2,000 ವ್ಯಾಟಿನ ಗೀಸರ್ ಅದು. ಸಂಜೆ ಏಳಕ್ಕೆ ಹಿಡಿದು ನೋಡಿದರೆ 182 ವೋಲ್ಟ್, 6.9 ಆಂಪಿಯರ್. ಭಾಗಿಸಿದರೆ 26.4 ಓಮ್. 230 ವೋಲ್ಟಿಗೆ 2,000 ವ್ಯಾಟ್ ಕೊಡಬೇಕಾದ ಕಾಯಿಲ್ ಇರಬೇಕಾದದ್ದೂ ಸುಮಾರು ಅಷ್ಟೇ, ಅಂದರೆ ಕಾಯಿಲ್ ಚೆನ್ನಾಗೇ ಇದೆ. ಗುಣಿಸಿದರೆ ಮಾತ್ರ 1,256 ವ್ಯಾಟ್! ವೋಲ್ಟೇಜು ಐದರಲ್ಲಿ ಒಂದು ಪಾಲು ಇಳಿದರೆ ಕರೆಂಟೂ ಅಷ್ಟೇ ಇಳಿಯುತ್ತದೆ, ಎರಡೂ ಸೇರಿ ಶಾಖ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಡಿಮೆಯಾಗುತ್ತದೆ. 18 ನಿಮಿಷದಲ್ಲಿ ಕಾಯುವ ನೀರಿಗೆ 29 ನಿಮಿಷ ಬೇಕು. ಈಗ ಆಯಿ ಮಧ್ಯಾಹ್ನವೇ ಗೀಸರ್ ಹಾಕುತ್ತಾರೆ. ಹೊಸ ಕಾಯಿಲ್ ತರಲಿಲ್ಲ.

ಆದರೆ ಮೀಟರಿನ ನಿಜವಾದ ಬೆಲೆ ಗೊತ್ತಾಗಿದ್ದು ಏಪ್ರಿಲ್‌ನಲ್ಲಿ. ಅಡಿಕೆಗೆ ನೀರು ಬಿಡಲೇಬೇಕಾದ ಹೊತ್ತು. ಬಾವಿಯ ಒಂದು ಎಚ್‌ಪಿ ಪಂಪು ಗೊಂಯ್ ಅಂತ ಶಬ್ದ ಮಾಡುತ್ತಿತ್ತು, ಸ್ಪ್ರಿಂಕ್ಲರ್ ತಿರುಗುತ್ತಿರಲಿಲ್ಲ. ನೋಡಲು ಬಂದ ಒಬ್ಬರು ಮೋಟರ್ ಬಿಚ್ಚುವ ಮೊದಲೇ ರಿವೈಂಡಿಂಗ್, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಿಸೋದು, ಆಗಬೇಕು ಅಂದುಬಿಟ್ಟರು. ಅಪ್ಪಯ್ಯ ಒಪ್ಪಿಯೂ ಆಗಿತ್ತು. ಒಂದು ದಿನ ತಡೆಯಿರಿ ಅಂತ ಹೇಳಿ, ಪಂಪು ಓಡುತ್ತಿರುವಾಗಲೇ ಅಳೆದೆ. ಮನೆಯ ಬೋರ್ಡಿನಲ್ಲಿ 218 ವೋಲ್ಟ್, ಪಂಪಿನ ಸ್ಟಾರ್ಟರಿನಲ್ಲಿ 188. ಕರೆಂಟು 7.5 ಆಂಪಿಯರ್.

ಮಧ್ಯದಲ್ಲಿ 30 ವೋಲ್ಟ್ ಎಲ್ಲಿ ಹೋಯಿತು? 30ನ್ನು 7.5ರಿಂದ ಭಾಗಿಸಿದರೆ 4 ಓಮ್. ಬಾವಿಗೆ 80 ಮೀಟರ್ ದೂರ, ಹೋಗಿಬರುವ ವೈರು 160 ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಕಿಲೋಮೀಟರಿಗೆ ಏಳೂವರೆ ಓಮ್ ಹತ್ತಿರ, ಅಂದರೆ ನಮ್ಮ ವೈರಿಗೆ 1.2 ಓಮ್ ಇರಬೇಕಿತ್ತು. ಉಳಿದ 2.8 ಓಮ್ ದಾರಿಯಲ್ಲೆಲ್ಲೋ ಕೂತಿದೆ ಅಂತಾಯಿತು.

ಹಲಸಿನ ಮರದ ಹತ್ತಿರ ಒಂದು ಹಳೇ ಜಾಯಿಂಟು ಇತ್ತು. ಪರಿಚಯದ ವೈರ್‌ಮನ್ ಬಂದು, ಮೇನ್ ಆಫ್ ಮಾಡಿ ಟೇಪು ಬಿಚ್ಚಿದರೆ ಸುಟ್ಟ ರಬ್ಬರಿನ ವಾಸನೆ. ಟೇಪಿನ ಒಳಪದರ ಡಾಂಬರಿನ ಹಾಗೆ ಅಂಟಿಕೊಂಡಿತ್ತು, ತಾಮ್ರದ ಎಳೆಗಳು ಹಸಿರುಗಪ್ಪು. ಆಫ್ ಇದ್ದಾಗ ಓಮ್‌ಗೆ ಇಟ್ಟು ನೋಡಿದರೆ ಏನೂ ತಪ್ಪು ಕಾಣಲಿಲ್ಲ. ಇಂಥ ಜಾಯಿಂಟು ಭಾರ ಬಿದ್ದು ಬಿಸಿಯಾದಾಗಲೇ ಗುಟ್ಟು ಬಿಡುವುದು. ಅವರೇ ಎರಡೂ ಕಡೆ ಪ್ರೋಬ್ ಸಿಕ್ಕಿಸಿ ಲೈನ್ ಕೊಟ್ಟಾಗ 20 ವೋಲ್ಟ್ ತೋರಿಸಿತು. 20 ಸಲ 7.5, 150 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್ ಆರನ್ನು ಒಂದು ಹೆಬ್ಬೆರಳಷ್ಟು ಜಾಗದಲ್ಲಿ ಒತ್ತಿ ಹಿಡಿದ ಹಾಗೆ ಅಲ್ವಾ? ಪಕ್ಕದಲ್ಲೇ ಒಣ ತರಗೆಲೆ ಬೇರೆ. ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಜಾಯಿಂಟು ಕತ್ತರಿಸಿ, ಹೊಸದಾಗಿ ಕ್ರಿಂಪ್ ಮಾಡಿದ (ಲೋಹದ ತೋಳಿನಲ್ಲಿ ವೈರು ಇಟ್ಟು ಒತ್ತಿ ಬಿಗಿದ) ಮೇಲೆ ಸ್ಟಾರ್ಟರಿನಲ್ಲಿ 210 ವೋಲ್ಟ್, ಕರೆಂಟು 6.8. ಗೀಸರಿನ ಹಾಗಲ್ಲ, ಭಾರ ಹೊತ್ತ ಮೋಟರು ವೋಲ್ಟೇಜು ಇಳಿದಾಗ ಕರೆಂಟು ಜಾಸ್ತಿ ಎಳೆಯುತ್ತದೆ. ಸಂಜೆಯೊಳಗೆ ಸ್ಪ್ರಿಂಕ್ಲರ್ ತಿರುಗಿತು.

ಒಂದು ಎಚ್ಚರಿಕೆ. ಗೀಸರಿಗೆ ಗುಣಿಸಿದ್ದು ನೇರ ವ್ಯಾಟ್. ಪಂಪಿಗೆ ಹಾಗಲ್ಲ, ಮೋಟರಿಗೆ ಪವರ್ ಫ್ಯಾಕ್ಟರ್ ಅಂತ ಒಂದಿದೆ, ಅದಕ್ಕೇ ನಿಜವಾದ ವ್ಯಾಟ್ ಗುಣಲಬ್ಧಕ್ಕಿಂತ ಕಡಿಮೆ. ಅದನ್ನು ಈ ಮೀಟರ್ ತೋರಿಸುವುದಿಲ್ಲ. ಕರೆಂಟ್ ಬಿಲ್ಲಿನ ಲೆಕ್ಕ ಹಾಕಲು ಕೂರಬೇಡಿ.

ಕೊರತೆಗಳೂ ಇವೆ. ಪರದೆಗೆ ಬೆಳಕಿಲ್ಲ, ತೋಟದ ನೆರಳಲ್ಲಿ ಓದಲು ಕಷ್ಟ. ಹೋಲ್ಡ್ ಗುಂಡಿ ಒತ್ತಿ ಬಿಸಿಲಿಗೆ ತಂದು ಓದುತ್ತೇನೆ. 9 ವ್ಯಾಟಿನ ಎಲ್‌ಇಡಿ ಬಲ್ಬಿನ ಕರೆಂಟು ಇದಕ್ಕೆ ಸಿಗುವುದೇ ಇಲ್ಲ. ಇಂಥ ಸಣ್ಣ ಕರೆಂಟಿಗೆ ವೈರನ್ನು ಬಾಯಿಗೆ ಹತ್ತು ಸುತ್ತು ಸುತ್ತಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿದರೆ ಸ್ವಲ್ಪ ಅಂದಾಜಾಗುತ್ತದೆ. ಒಂದು ಓಮ್‌ಗಿಂತ ಕಡಿಮೆ ಇದ್ದರೆ ನಂಬಬೇಡಿ, ಬರೀ ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದರೇ 0.4 ತೋರಿಸುತ್ತದೆ.

ಮುನ್ನೂರು ರೂಪಾಯಿಯ ಹಳದಿ ಮಲ್ಟಿಮೀಟರ್ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಅಂಥವುಗಳಲ್ಲಿ ಹೆಚ್ಚಿನವು ಮನೆಯ ಎಸಿ ಕರೆಂಟಿನ ಆಂಪಿಯರ್ ಅಳೆಯುವುದೇ ಇಲ್ಲ. ಮೀಟರಿನ ಮೇಲೆ ಕ್ಯಾಟ್ 3 (CAT III), 600 ವೋಲ್ಟ್ ಅಂತ ಸುರಕ್ಷತೆಯ ದರ್ಜೆ ಬರೆದಿದೆಯಾ ನೋಡಿ. ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಮುಟ್ಟಲೇಬೇಡಿ. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಇಸ್ತ್ರಿಪೆಟ್ಟಿಗೆ ಹಚ್ಚಿಸಿ ನೋಡಿ. 1,000 ವ್ಯಾಟಿನದ್ದಾದರೆ, 230 ವೋಲ್ಟ್ ಇದ್ದಾಗ 4.3 ಆಂಪಿಯರ್ ಹತ್ತಿರ ಬರಬೇಕು.