ಪ್ಲಗ್ ನಂಬರ್ ದೊಡ್ಡದಿದ್ದರೆ ತಣ್ಣಗಿರುತ್ತೆ ಅಂತ ನಂಬಬೇಡಿ

ಸ್ಪಾರ್ಕ್ ಪ್ಲಗ್ ಹಾಕಿಸುವಾಗ "ಯಾವ ಕಂಪನಿದಾದ್ರೂ ನಡೆಯುತ್ತೆ, ಥ್ರೆಡ್ ಕೂತ್ರೆ ಸಾಕು" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆ ಮಾತಿನಿಂದ ನಮ್ಮ ಕಾರಿನ ಪಿಸ್ಟನ್ ಹೋಯಿತು.

ಮ್ಯಾನುಯಲ್‌ನಲ್ಲಿ ಇದ್ದದ್ದು ಎನ್‌ಜಿಕೆ ಕಂಪನಿಯ ಬಿಕೆಆರ್6ಇ ಪ್ಲಗ್. ಅದರಲ್ಲಿರುವ 6 ಪ್ಲಗ್ ಎಷ್ಟು ಬಿಸಿ, ಎಷ್ಟು ತಣ್ಣನೆಯದು ಅಂತ ಹೇಳುವ ನಂಬರ್. ಗ್ಯಾರೇಜಿನಲ್ಲಿ ಸ್ಟಾಕ್ ಇರಲಿಲ್ಲ. ಮೆಕ್ಯಾನಿಕ್ ಬೇರೆ ಬ್ರ್ಯಾಂಡಿನದು ಹಾಕಿ, "ನಂಬರ್ ದೊಡ್ಡದಿದೆ ಸಾರ್, ಘಾಟಿಯಲ್ಲಿ ತಣ್ಣಗಿರುತ್ತೆ" ಅಂದರು. ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲಿಲ್ಲ. ಬೇಸಿಗೆಯಲ್ಲಿ ಮನೆಮಂದಿ, ಲಗೇಜು ಎಲ್ಲ ತುಂಬಿಕೊಂಡು ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ ಸೆಕೆಂಡ್ ಗೇರಿನಲ್ಲಿ ಕಟಕಟ ಸದ್ದು ಶುರುವಾಯಿತು. ಪಿಕಪ್ ಇಳಿಯಿತು. ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ಒಂದು ಸಿಲಿಂಡರ್ ಕೆಲಸವನ್ನೇ ನಿಲ್ಲಿಸಿತ್ತು.

ಪ್ಲಗ್ ಬಿಚ್ಚಿ ನೋಡಿದರೆ ತುದಿಯ ಪಿಂಗಾಣಿ ಪೂರ್ತಿ ಬಿಳಿಚಿ, ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಮೇಲೆ ಸಣ್ಣ ಸಣ್ಣ ಬೆಳ್ಳಿ ಬಣ್ಣದ ಚುಕ್ಕೆಗಳು. ಅದು ಪಿಸ್ಟನ್ನಿಂದ ಕರಗಿ ಹಾರಿದ ಅಲ್ಯೂಮಿನಿಯಂ. ಹೆಡ್ ಬಿಚ್ಚಿದಾಗ ಪಿಸ್ಟನ್ ಅಂಚು ತಿಂದುಹೋಗಿತ್ತು.

ಎನ್‌ಜಿಕೆ, ಡೆನ್ಸೋಗಳಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು. ಬಾಷ್, ಚಾಂಪಿಯನ್‌ಗಳಲ್ಲಿ ಪೂರ್ತಿ ಉಲ್ಟಾ, ದೊಡ್ಡ ನಂಬರ್ ಅಂದರೆ ಬಿಸಿ ಪ್ಲಗ್. ಎನ್‌ಜಿಕೆಯ 6ಕ್ಕೆ ಡೆನ್ಸೋದಲ್ಲಿ 20, ಬಾಷ್‌ನಲ್ಲಿ 7 ಹೆಚ್ಚುಕಮ್ಮಿ ಸಮ. ಒಂದು ಬ್ರ್ಯಾಂಡಿನ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದ್ದೇ ನಮ್ಮ ಎಂಜಿನ್ನಿಗೆ ಮುಳುವಾಯಿತು.

ಬಿಸಿ ಪ್ಲಗ್ ಅಂದರೆ ಕಿಡಿ ಜೋರು ಅಂತಲ್ಲ. ತುದಿಯ ಶಾಖ ಎಂಜಿನ್ ಹೆಡ್ಡಿಗೆ ಎಷ್ಟು ಬೇಗ ಇಳಿಯುತ್ತೆ ಅನ್ನೋದಷ್ಟೇ. ಒಳಗಿನ ಪಿಂಗಾಣಿ ಮೂಗು ಉದ್ದ ಇದ್ದರೆ ಶಾಖ ನಿಧಾನ ಇಳಿಯುತ್ತೆ, ಅದು ಬಿಸಿ ಪ್ಲಗ್; ಗಿಡ್ಡ ಇದ್ದರೆ ಬೇಗ ಇಳಿಯುತ್ತೆ, ಅದು ತಣ್ಣನೆಯದು. ತುದಿ ಸುಮಾರು 500ರಿಂದ 800 ಡಿಗ್ರಿ ಒಳಗಿರಬೇಕು. ಕಮ್ಮಿಯಾದರೆ ಮಸಿ ಕಟ್ಟಿ ಮಿಸ್ ಹೊಡೆಯುತ್ತೆ, ಅದು ಬಿಡಿ, ತೆಗೆದು ಬದಲಿಸಿದರೆ ಮುಗೀತು. ಜಾಸ್ತಿಯಾದರೆ ತುದಿ ಕೆಂಡದ ಹಾಗೆ ಕಾದು, ಕಿಡಿ ಹಾರುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುತ್ತೆ. ಆಮೇಲೆ ಪಿಸ್ಟನ್ ಉಳಿಯೋದು ಕಷ್ಟ.

ಬ್ರ್ಯಾಂಡ್ ಬದಲಿಸಲೇಬೇಕು ಅಂತಾದರೆ ನಿಮ್ಮ ಕಾರಿನ ಮಾಡೆಲ್, ವರ್ಷ ಹೇಳಿ ಆ ಪ್ಲಗ್ ಕಂಪನಿಯ ಕ್ಯಾಟಲಾಗ್ ತೆಗೆಸಿ ನೋಡಿ. ಹೊಸ ಪ್ಲಗ್ ಹಾಕಿ ಸ್ವಲ್ಪ ದೂರ ಓಡಿಸಿದ ಮೇಲೆ ಒಂದನ್ನು ಬಿಚ್ಚಿಸಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಸರಿ. ಬೆಳ್ಳಗೆ ಸುಟ್ಟ ಹಾಗಿದ್ದರೆ ಆ ಕಾರನ್ನು ಘಾಟಿಗೆ ಒಯ್ಯಬೇಡಿ.